ಕಿವಿ, ಬಾಯಿ, ಉಸಿರು

ನಮ್ಮ ಊರಿನ ಕೊನೆಯ ಬೀದಿ ದಿನಾ ಹನ್ನೊಂದೂವರೆಗೆ ಹೊರಡುತ್ತಿತ್ತು. ಬೀದಿಯವರು ತಿಂಡಿಯ ಪಾತ್ರೆ ತೊಳೆದು, ಬಟ್ಟೆ ಹಿಂಡಿ ಹರವಿದ ಮೇಲೆ ಲೈನ್‌ಮನ್ ಬೋರೇಗೌಡ ಬಂದು, ಹಸುವಿನ ಹಗ್ಗ ಬಿಚ್ಚಿದ ಹಾಗೆ, ತುದಿಯ ಕಂಬದಿಂದ ಕರೆಂಟಿನ ತಂತಿ ಕಳಚುತ್ತಿದ್ದ. ಆಮೇಲೆ ಹನ್ನೆರಡು ಮನೆ, ಒಂದು ಹಿಟ್ಟಿನ ಗಿರಣಿ, ಒಂದು ಟೈಲರ್ ಅಂಗಡಿ, ಒಂದು ಕೈಪಂಪು, ಒಂದು ಬೇವಿನ ಮರ, ಇಷ್ಟನ್ನೂ ಹೊತ್ತುಕೊಂಡು ಬೀದಿ ಮೆಲ್ಲಗೆ ಊರಿನಿಂದ ಜಾರಿ, ಬೀಳು ಹೊಲ ದಾಟಿ, ದಿಣ್ಣೆ ಹತ್ತಿ ಆಚೆಗೆ ಇಳಿದುಹೋಗುತ್ತಿತ್ತು. ಸಂಜೆ ಆರಕ್ಕೆ ಹೊಂಬಾಳಮ್ಮ ಕರೆದರೆ ವಾಪಸು ಬರುತ್ತಿತ್ತು.

ಇದರಿಂದ ಯಾರಿಗೂ ಅಂಥ ತೊಂದರೆಯೇನೂ ಇರಲಿಲ್ಲ. ಅಂಚೆಯವನು ಹತ್ತರೊಳಗೆ ಕಾಗದ ಕೊಟ್ಟುಹೋಗುತ್ತಿದ್ದ. ರಾಗಿ ಬೀಸಿಸುವವರು ಹನ್ನೊಂದರೊಳಗೆ ಬರಬೇಕಿತ್ತು. ಊರೊಳಗೆ ಕೆಲಸವಿದ್ದವರು ಮೊದಲೇ ಇಳಿದುಬಿಡುತ್ತಿದ್ದರು. ಮಾತಿಗೆ ಕೂತು ಹೊತ್ತು ಮರೆತ ನೆಂಟರು ಬೀದಿಯ ಜೊತೆಗೇ ಹೋಗಿ, ಅಲ್ಲೇ ಮಧ್ಯಾಹ್ನದ ಊಟ ಮಾಡಿ, ಒಂದು ನಿದ್ದೆ ತೆಗೆದು ಸಂಜೆ ಬರುತ್ತಿದ್ದರು. ಅಲ್ಲೇನಿದೆ ಎಂದು ಕೇಳಿದರೆ, "ಏನೋ ಬಯಲು. ಗಾಳಿ ಚೆನ್ನಾಗಿ ಬೀಸತ್ತೆ" ಎನ್ನುತ್ತಿದ್ದರು, ಅಷ್ಟೆ.

ಆದರೆ ಕರೆಯದೆ ಬಿಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಈಗ ಬಸ್ ಸ್ಟ್ಯಾಂಡ್ ಇರುವ ಜಾಗದಲ್ಲಿ ನಮ್ಮ ತಾತನ ಕಾಲಕ್ಕೆ ಇನ್ನೊಂದು ಬೀದಿ ಇತ್ತಂತೆ. ಅದನ್ನು ಕರೆಯುತ್ತಿದ್ದ ಮುದುಕ ಇದ್ದಕ್ಕಿದ್ದಂತೆ ತೀರಿಕೊಂಡ. ಬೀದಿ ದಿನಕ್ಕಿಷ್ಟು ದೂರ ಸರಿಯುತ್ತಾ ಹೋಗಿ, ಹತ್ತನೆಯ ದಿನದ ಹೊತ್ತಿಗೆ ಯಾರ ದನಿಯೂ ಮುಟ್ಟದಷ್ಟು ದೂರವಾಯಿತು. ನಲವತ್ತೊಂದು ಜನ. ಅವರ ಹೆಸರುಗಳನ್ನು ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಇವತ್ತಿಗೂ ವರ್ಷಕ್ಕೊಮ್ಮೆ ಬಣ್ಣ ಹಚ್ಚಿ ಹೊಸದು ಮಾಡುತ್ತಾರೆ.

ನಾನು ಮಾದೇಶ. ಬೀದಿಯ ಏಳನೆಯ ಮನೆ ನಮ್ಮದು. ಮದುವೆಮನೆಗಳಲ್ಲಿ ರಸಮಂಜರಿ ನಡೆಸುವ ಆರ್ಕೆಸ್ಟ್ರಾ ಒಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೆ. ನನ್ನ ಹೆಂಡತಿ ಜಯಶೀಲ ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಹಾಗಾಗಿ ಅವಳು ದಿನವೂ ಬೀದಿಯ ಜೊತೆಗೆ ಹೋಗುವವಳು. ನಾನು ಹನ್ನೊಂದಕ್ಕೆ ಇಳಿದು, ಬೀದಿ ಸೇರುವ ಮೂಲೆಯಲ್ಲಿದ್ದ ದಸ್ತಗೀರ್ ಸಾಬರ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆಯ ತನಕ ಅಭ್ಯಾಸ ಮಾಡುತ್ತಿದ್ದೆ.

ಆ ವರ್ಷ ನನ್ನ ಕೈಗೆ ಒಂದು ಡಬ್ಬಿ ಬಂದಿತ್ತು. ಬೇರೆ ಆರ್ಕೆಸ್ಟ್ರಾ ಪಾರ್ಟಿಯ ಗಿಟಾರಿನವನೊಬ್ಬ ನುಡಿಸುವುದು ಬಿಟ್ಟು ಬೇಕರಿ ಇಟ್ಟಾಗ ನನಗೆ ಕೊಟ್ಟದ್ದು. ಊಟದ ಡಬ್ಬಿಯಷ್ಟು ದೊಡ್ಡ ಹಸಿರು ತಗಡಿನ ಪೆಟ್ಟಿಗೆ. ಕಾಲಿನಿಂದ ಒತ್ತುವ ಒಂದು ಗುಂಡಿ, ಕೈಯಿಂದ ತಿರುಗಿಸುವ ಮೂರು ತಿರುಪು, ಪಕ್ಕದಲ್ಲೊಂದು ಸಣ್ಣ ಸ್ವಿಚ್ಚು. ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಆಟೊ ವಾ ಅನ್ನುತ್ತಾರೆ ಅದಕ್ಕೆ. ತಂತಿ ಮೀಟಿದರೆ ಅದರ ದನಿ ತಾನಾಗಿ ಬಾಯಿ ತೆರೆದು 'ವಾ' ಅನ್ನಬೇಕು; ಜೋರಾಗಿ ಮೀಟಿದರೆ ದೊಡ್ಡದಾಗಿ, ಮೆಲ್ಲಗೆ ಮೀಟಿದರೆ ಸಣ್ಣದಾಗಿ. ಕೇಳಿದವರು ಗಿಟಾರೇ ಮಾತಾಡಿತು ಅನ್ನಬೇಕು. ನನ್ನ ಕೈಯಲ್ಲಿ ಮಾತ್ರ ಅದು ಬಾತುಕೋಳಿಯ ಹಾಗೆ ಕ್ವ್ಯಾಕ್ ಅನ್ನುತ್ತಿತ್ತು. ಮೂರು ತಿರುಪುಗಳನ್ನು ಮೂರು ತಿಂಗಳು ತಿರುಗಿಸಿದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಮನೆಗೂ ತಂದು ಬೆಳಗ್ಗೆ ಬೆಳಗ್ಗೆ ಅದನ್ನೇ ಕುಟ್ಟುತ್ತಿದ್ದೆ.

"ಅಲ್ಲಾ ರೀ, ಆ ಬಾತುಕೋಳೀನ ಕೊಯ್ದಾದ್ರೂ ಹಾಕಿ, ಇಲ್ಲಾ ಕೆರೆಗಾದ್ರೂ ಬಿಟ್ಟುಬನ್ನಿ" ಎಂದಳು ಜಯಶೀಲ ಒಂದು ಬೆಳಗ್ಗೆ. ಅವಳು ನಗುತ್ತಲೇ ಹೇಳಿದ್ದು. ನನಗೆ ರೇಗಿತು. "ನಿಂಗೇನು ಗೊತ್ತಾಗತ್ತೆ ಇದೆಲ್ಲ" ಎಂದು ಅರ್ಧ ಕಾಫಿಯನ್ನು ಅಲ್ಲೇ ಬಿಟ್ಟು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಇಳಿದುಬಂದೆ. ಅವತ್ತು ಸಂಜೆ ಬೀದಿ ಬರಲಿಲ್ಲ.

ಹೊಂಬಾಳಮ್ಮನ ಬಗ್ಗೆ ಹೇಳಬೇಕು. ಅವರ ಮನೆ ಬೀದಿಯ ಮೇಲಿರಲಿಲ್ಲ, ಬೀದಿ ಬಂದು ಕೂಡುವ ಅಂಚಿನಲ್ಲಿತ್ತು. ಅರವತ್ತು ದಾಟಿದ ಹೆಂಗಸು. ಹಗಲೆಲ್ಲ ಜಗಲಿಯಲ್ಲಿ ಕೂತು ಮುತ್ತುಗದ ಊಟದೆಲೆ ಹಚ್ಚುತ್ತಿದ್ದರು. ಸಂಜೆ ಎಲೆಕಡ್ಡಿಯನ್ನು ಪಕ್ಕಕ್ಕಿಟ್ಟು, ಸೆರಗಿನಿಂದ ಬಾಯೊರೆಸಿಕೊಂಡು, ಅಂಚಿನಲ್ಲಿ ನಿಂತು ಕರೆಯುತ್ತಿದ್ದರು. ಅದರಲ್ಲಿ ಪದವೇ ಇರುತ್ತಿರಲಿಲ್ಲ. ತುಟಿ ಮುಚ್ಚಿದ ಒಂದು ಊ, ಅದು ಮೆಲ್ಲಗೆ ತೆರೆದುಕೊಂಡು ಆ, ಮತ್ತೆ ಮುಚ್ಚಿಕೊಂಡು ಊ. ಅವರ ತಾಯಿಯೂ ಹಾಗೇ ಕರೆಯುತ್ತಿದ್ದರಂತೆ.

ಅವತ್ತು ಅವರು ನಿಂತರು, ಬಾಯಿ ತೆರೆದರು, ಗಾಳಿಯಷ್ಟೇ ಬಂತು. ಗಂಟಲು ಕೆರೆದುಕೊಂಡು ಮತ್ತೆ ತೆರೆದರು. ದಸ್ತಗೀರ್ ಸಾಬರು ಬಿಸಿನೀರು ತಂದುಕೊಟ್ಟರು. ಕುಡಿದು ಮೂರನೆಯ ಸಲ ಪ್ರಯತ್ನಪಟ್ಟರು. ನಂತರ ನಮ್ಮ ಕಡೆ ತಿರುಗಿ, ಪಿಸುದನಿಯಲ್ಲಿ, "ಹೋಯ್ತು ಕಣಪ್ಪ" ಎಂದರು.

ಆಗಲೇ ನಮಗೆಲ್ಲ ಹೊಳೆದದ್ದು. ಕೆಲವು ತಿಂಗಳಿಂದ ಅವರ ದನಿ ಗೊರಗೊರ ಅನ್ನುತ್ತಿತ್ತು. ಬೀದಿಯೂ ಆರಕ್ಕೆ ಬರುವುದು ಆರೂಕಾಲಕ್ಕೆ, ಆರೂವರೆಗೆ ಬರತೊಡಗಿತ್ತು. ಗಂಟಲಲ್ಲಿ ಏನೋ ಗಡ್ಡೆ ಬೆಳೆಯುತ್ತಿರುವುದು ಅವರಿಗೆ ಗೊತ್ತಿತ್ತು. ತೋರಿಸಲು ಹೋದರೆ ಆಸ್ಪತ್ರೆಯಲ್ಲಿ ಇಟ್ಟುಕೊಂಡುಬಿಡುತ್ತಾರೆ, ಬೀದಿಯನ್ನು ಕರೆಯುವವರು ಯಾರು ಎಂದು ಯಾರಿಗೂ ಹೇಳದೆ ಉಳಿದಿದ್ದರು.

ಅವತ್ತು ಕತ್ತಲಾಗುವ ತನಕ ಊರಿಗೆ ಊರೇ ಅಂಚಿನಲ್ಲಿ ನಿಂತು ಕೂಗಿತು. ಹೆಸರು ಹಿಡಿದು ಕೂಗಿದರು, ಸೀಟಿ ಹೊಡೆದರು, ತಮಟೆ ಬಡಿದರು. ದಿಣ್ಣೆಯ ಮೇಲೆ ಏನೂ ಕಾಣಿಸಲಿಲ್ಲ. ಬೀದಿ ಇರಬೇಕಾದ ಜಾಗದಲ್ಲಿ ಉದ್ದನೆಯ ಒದ್ದೆ ಮಣ್ಣು, ಇತ್ತ ಕಡೆಯ ಚರಂಡಿಯ ತುಂಡಾದ ಬಾಯಿ.

ಎರಡನೆಯ ದಿನ ನನಗೊಂದು ನೆನಪಾಯಿತು. ನಾವು ಹಾಡು ಅಭ್ಯಾಸ ಮಾಡುತ್ತಾ ಟೇಪ್ ಮಾಡಿಕೊಂಡಿದ್ದ ಕ್ಯಾಸೆಟ್ಟೊಂದರ ಕೊನೆಯಲ್ಲಿ, ಕಿಟಕಿಯಿಂದ ಹೊಂಬಾಳಮ್ಮನ ಕರೆ ಬಂದು ಸೇರಿಕೊಂಡಿತ್ತು. ಶಾಮಿಯಾನದವರಿಂದ ಹಾರ್ನ್ ಸ್ಪೀಕರ್ ತಂದು ಕಟ್ಟಿದೆವು. ಸಂಜೆ ಆರಕ್ಕೆ ಹಾಕಿದೆವು. ನಾಲ್ಕು ನಿಮಿಷ ಕಳೆದಿರಬೇಕು, ದಿಣ್ಣೆಯ ಮೇಲೆ ಬೇವಿನ ಮರದ ತಲೆ ಕಂಡಿತು. ಆಮೇಲೆ ಗಿರಣಿಯ ತಗಡು. ಆಮೇಲೆ ಹೆಂಚುಗಳ ಸಾಲು. ಜನ ಕುಣಿದಾಡಿಬಿಟ್ಟರು. ಬೀದಿ ದಿಣ್ಣೆಯ ನೆತ್ತಿಯಲ್ಲಿ, ಕಿವಿ ನಿಮಿರಿಸಿದ ಎಮ್ಮೆಯ ಹಾಗೆ, ನಿಂತಿತು. ಕ್ಯಾಸೆಟ್ಟು ಅದೇ ಕರೆಯನ್ನು ಅದೇ ಹಾಗೆ ಮತ್ತೆ ಹೇಳಿತು. ಮತ್ತೂ ಹೇಳಿತು. ಯಾರೋ ಅಲ್ಲಿಂದ ಬಟ್ಟೆ ಬೀಸುತ್ತಿದ್ದರು. ಜಯಶೀಲಳೋ ಬೇರೆ ಯಾರೋ ಅಷ್ಟು ದೂರಕ್ಕೆ ತಿಳಿಯಲಿಲ್ಲ. ನೋಡನೋಡುತ್ತಿದ್ದಂತೆ ಬೀದಿ ಹಿಂದಕ್ಕೆ ತಿರುಗಿ ಇಳಿದುಹೋಯಿತು. ಮತ್ತೆಷ್ಟು ಸಲ ಹಾಕಿದರೂ ಬರಲಿಲ್ಲ.

"ಮುಂಚೇನೇ ಒಂದ್ ಮಾತು ಹೇಳ್ಬಾರ್ದಿತ್ತಾ ಹೊಂಬಾಳಮ್ಮ?" ಎಂದು ಯಾರೋ ಗುಂಪಿನಿಂದ ಕೇಳಿದರು. ಕೇಳಿದವರ ತಂಗಿ ಆ ಬೀದಿಯಲ್ಲಿದ್ದಳು. ಕೇಳಿದ್ದು ತಪ್ಪೂ ಅಲ್ಲ. ಹೊಂಬಾಳಮ್ಮ ತಲೆ ಬಗ್ಗಿಸಿಕೊಂಡು ಮನೆಯೊಳಗೆ ಹೋದರು.

ಮೂರನೆಯ ದಿನ ಮಧ್ಯಾಹ್ನ ನನಗೆ ಕೂರಲಿಕ್ಕೂ ಆಗಲಿಲ್ಲ, ನಿಲ್ಲಲಿಕ್ಕೂ ಆಗಲಿಲ್ಲ. ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗಿಟಾರ್ ಎತ್ತಿಕೊಂಡೆ. ಏನು ನುಡಿಸಬೇಕೆಂದು ಗೊತ್ತಿರಲಿಲ್ಲ. ಡಬ್ಬಿ ವೈರಿಗೆ ಸಿಕ್ಕಿಸಿಯೇ ಇತ್ತು. ಕ್ವ್ಯಾಕ್ ಅಂದಿತು. ಅರ್ಧ ಕಾಫಿ ನೆನಪಾಗಿ ಕಣ್ಣು ಮಂಜಾಯಿತು. ಸುಮ್ಮನೆ ಹೊಡೆಯುತ್ತಲೇ ಇದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಹೊಂಬಾಳಮ್ಮ ಬಾಗಿಲು ತಳ್ಳಿ ಚೌಕಟ್ಟು ಹಿಡಿದು ನಿಂತಿದ್ದರು.

"ಇನ್ನೊಂದ್ ಕಿತ ಬಾರ್ಸು" ಎಂದರು ಪಿಸುದನಿಯಲ್ಲಿ.

ಬಾರಿಸಿದೆ.

"ಅದ್ರ ನಡುಮಧ್ಯ ನನ್ನ ದನಿ ಐತೆ ಕಣೋ ಮಾದೇಶ. ಹಿಂದಕ್ಕೂ ಮುಂದಕ್ಕೂ ಯಾರೋ ಅಮುಕಿಬಿಟ್ಟವ್ರೆ."

ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ನಾಚಿಕೆಯಿಂದಲೇ ಹೇಳಿದೆ: "ಅಮ್ಮಾ, ಇದು ನಂಗೇ ಬಗ್ಗಿಲ್ಲ. ಮೂರು ತಿಂಗಳಾಯ್ತು."

"ಒಂದೊಂದು ತಿರುಪು ಏನ್ ಮಾಡತ್ತೆ, ಅದ್ನ ಹೇಳು ಮೊದ್ಲು."

ಹೇಳಲು ಹೋದೆ, ನನಗೇ ಸರಿಯಾಗಿ ಗೊತ್ತಿಲ್ಲ ಎಂದು ತಿಳಿಯಿತು. ಮೂರು ತಿಂಗಳು ನಾನು ಮೂರನ್ನೂ ಒಟ್ಟಿಗೆ ತಿರುಗಿಸಿದ್ದೆ. ಅವರು ಎರಡನ್ನು ಮುಟ್ಟಬೇಡ ಎಂದು ಒಂದನ್ನೇ ತಿರುಗಿಸಲು ಹೇಳಿದರು. ಎಡಗಡೆಯದನ್ನು ಪೂರ್ತಿ ಕೆಳಗಿಟ್ಟರೆ ಎಷ್ಟು ಮೀಟಿದರೂ ದನಿ ಬಾಯಿ ಬಿಡುತ್ತಿರಲಿಲ್ಲ. ಪೂರ್ತಿ ಮೇಲಿಟ್ಟರೆ ಬೆರಳು ಸೋಕಿದ್ದಕ್ಕೇ ಪೂರ್ತಿ ತೆರೆದುಬಿಡುತ್ತಿತ್ತು, ಆಮೇಲೆ ತೆರೆಯಲು ಏನೂ ಉಳಿಯುತ್ತಿರಲಿಲ್ಲ. "ಇದು ಕಿವಿ" ಎಂದರು ಹೊಂಬಾಳಮ್ಮ. "ನಿನ್ ಕೈನ ಎಷ್ಟು ಕೇಳಿಸ್ಕೋಬೇಕು ಅಂತ." ನಡುವಿನದನ್ನು ಏರಿಸಿದರೆ ದನಿ ಮೂಗಿಗೆ ಹೋಗಿ ಚೂಪಾಗುತ್ತಿತ್ತು, ಇಳಿಸಿದರೆ ದುಂಡಗಾಗುತ್ತಿತ್ತು. "ಇದು ಬಾಯಿ. ಬಾತುಕೋಳಿ ಕೂತಿರೋದು ಇಲ್ಲೇ. ಇಳ್ಸು." ಬಲಗಡೆಯದು ತೆರೆದ ಬಾಯಿ ಎಷ್ಟು ನಿಧಾನಕ್ಕೆ ಮುಚ್ಚಬೇಕು ಎಂಬುದನ್ನು ಹೇಳುತ್ತಿತ್ತು. "ಇದು ಉಸಿರು." ಸ್ವಿಚ್ಚನ್ನು ಮೇಲಿಟ್ಟರೆ ದನಿ 'ಊ' ಇಂದ 'ಆ' ಕಡೆಗೆ ತೆರೆಯುತ್ತಿತ್ತು, ಕೆಳಗಿಟ್ಟರೆ 'ಆ' ಇಂದ 'ಊ' ಕಡೆಗೆ ಮುಚ್ಚುತ್ತಿತ್ತು. ಅದಕ್ಕೆ ಅವರೇನೂ ಹೆಸರಿಡಲಿಲ್ಲ.

ಆಮೇಲೆ ಅವರು ನನ್ನೆದುರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ದನಿಯಿಲ್ಲದೆ ಕರೆದು ತೋರಿಸಿದರು. ತುಟಿ ಮುಂದೆ ಬಂದು ಗುಂಡಗಾಗುವುದು, ದವಡೆ ಇಳಿಯುವುದು, ಕೆನ್ನೆ ಹಿಂದಕ್ಕೆ ಸರಿಯುವುದು, ಮತ್ತೆ ಮುಚ್ಚಿಕೊಳ್ಳುವುದು. ಇಪ್ಪತ್ತೆಂಟು ವರ್ಷ ನಾನು ಆ ಕರೆಯನ್ನು ಕೇಳಿದ್ದೆ, ಒಂದು ದಿನವೂ ಅವರ ಬಾಯಿಯನ್ನು ನೋಡಿರಲಿಲ್ಲ. ಆ ಬಾಯಿ ತೆರೆಯುವಷ್ಟು ಹೊತ್ತಿಗೆ ಡಬ್ಬಿ ತೆರೆಯುವಂತೆ, ಅದು ಮುಚ್ಚುವಷ್ಟು ಹೊತ್ತಿಗೆ ಡಬ್ಬಿ ಮುಚ್ಚುವಂತೆ ಒಂದೊಂದು ಕೂದಲೆಳೆ ತಿರುಗಿಸುತ್ತಾ ಹೋದೆ. ಕ್ವ್ಯಾಕ್ ಎಂಬುದು ವ್ಯಾ ಆಯಿತು, ವ್ಯಾ ಎಂಬುದು ವಾ ಆಯಿತು.

ನಾಲ್ಕನೆಯ ದಿನ ಸಂಜೆ ಆಂಪ್ಲಿಫೈಯರನ್ನು ಕೆಳಗಿಳಿಸಿ, ಸೈಕಲ್ ಅಂಗಡಿಯಿಂದ ವೈರ್ ಎಳೆದು, ಅಂಚಿನಲ್ಲಿ ಬೆಂಚಿನ ಮೇಲಿಟ್ಟು ನುಡಿಸಿದೆ. ದನಿ ಚೆನ್ನಾಗಿತ್ತು. ನೆರೆದವರು "ಅಯ್ಯೋ, ಥೇಟ್ ಹೊಂಬಾಳಮ್ಮನೇ" ಎಂದರು. ಅರ್ಧ ಗಂಟೆ ನುಡಿಸಿದೆ. ದಿಣ್ಣೆಯ ಮೇಲೆ ಬೇವಿನ ಮರದ ಒಂದು ಎಲೆಯೂ ಕಾಣಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಹೊಂಬಾಳಮ್ಮ ಪಕ್ಕದಲ್ಲಿ ಕೂತರು. "ಬಾಯಿ ಸರಿಯಾಗೈತೆ" ಎಂದರು. "ಆದ್ರೆ ನೀನು ಮೆಲ್ಲಗೆ ಹೊಡದ್ರೂ ಅಷ್ಟೇ ಬಿಡತ್ತೆ, ಜೋರಾಗಿ ಹೊಡದ್ರೂ ಅಷ್ಟೇ ಬಿಡತ್ತೆ. ಕ್ಯಾಸೆಟ್ಟಿಗೂ ಇದಕ್ಕೂ ಏನು ಯತ್ವಾಸ? ನಾನು ಬರೀ ಕೂಗ್ತಿರ್ಲಿಲ್ಲಪ್ಪ. ಅದು ದೂರದಲ್ಲಿದ್ರೆ ಒಂಥರ, ದಿಣ್ಣೆ ಮ್ಯಾಲೆ ಕಂಡ್ರೆ ಒಂಥರ, ಹತ್ರ ಬಂದ್ರೆ ಇನ್ನೊಂಥರ. ಮಾತಾಡ್ತಿದ್ದೆ."

ಐದನೆಯ ದಿನ ಬೆಳಗ್ಗೆಯೇ ಅವರು ಮೇಲೆ ಬಂದರು. ಬಂದವರು ಕೂರಲಿಲ್ಲ. ನೆಲದ ಮೇಲೆ ಗಿಟಾರಿನಿಂದ ಹೊರಟ ವೈರನ್ನು ಕಣ್ಣಿನಿಂದ ಹಿಂಬಾಲಿಸಿಕೊಂಡು ಹೋಗಿ, ಹಸಿರು ಡಬ್ಬಿಗಿಂತ ಮೊದಲು ಸಿಕ್ಕಿಸಿದ್ದ ಇನ್ನೊಂದು ಬೂದುಬಣ್ಣದ ಡಬ್ಬಿಯನ್ನು ಕಾಲಬೆರಳಿನಿಂದ ತೋರಿಸಿದರು. "ಇದೇನು?"

"ಅದು ಕಂಪ್ರೆಸರ್ ಅಮ್ಮ."

ಪಂಕ್ಚರ್ ಅಂಟು ಹುಡುಕುತ್ತಾ ಮೇಲೆ ಬಂದಿದ್ದ ದಸ್ತಗೀರ್ ಸಾಬರು ಬಗ್ಗಿ ನೋಡಿದರು. "ನಮ್ಮ ಅಂಗಡೀಲಿರೋ ಥರದ್ದಾ? ಗಾಳಿ ಹಿಡಿಯತ್ತಾ ಇದ್ರಲ್ಲಿ?"

"ಅದಲ್ಲ ಸಾಬ್ರೇ. ನನ್ನ ಕೈ ಏರುಪೇರಾದ್ರೆ ಇದು ಸಮ ಮಾಡತ್ತೆ. ಮೆಲ್ಲಗೆ ಹೊಡೆದದ್ದನ್ನ ಎತ್ತಿ, ಜೋರಾಗಿ ಹೊಡೆದದ್ದನ್ನ ಅಮುಕಿ, ಎಲ್ಲಾ ಒಂದೇ ಮಟ್ಟಕ್ಕೆ ತರತ್ತೆ." ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ಹಸಿರು ಡಬ್ಬಿಯ ಕಡೆ ಹೋಯಿತು. ಹೊಂಬಾಳಮ್ಮ ನನ್ನನ್ನೇ ನೋಡುತ್ತಿದ್ದರು.

ಆ ಬೂದು ಡಬ್ಬಿಯನ್ನು ನಾನು ತಂದದ್ದು ಅವಮಾನವಾದ ಮೇಲೆ. ಆರ್ಕೆಸ್ಟ್ರಾದ ಯಜಮಾನರು ತುಂಬಿದ ಮದುವೆಮನೆಯಲ್ಲಿ, ಮೈಕ್ ಆನ್ ಇರುವಾಗಲೇ, "ಮಾದೇಶ, ನಿನ್ನ ಕೈ ಒಂದು ಕಡೆ ನಿಲ್ಲಲ್ಲ ಕಣಯ್ಯ, ಒಂದು ಸಲ ಗುಡುಗು ಒಂದು ಸಲ ಗುಸುಗುಸು" ಎಂದಿದ್ದರು. ಜನ ನಕ್ಕಿದ್ದರು. ಅವತ್ತಿನಿಂದ ಆ ಡಬ್ಬಿ ಇಲ್ಲದೆ ನಾನು ಗಿಟಾರನ್ನು ಮುಟ್ಟಿರಲಿಲ್ಲ. ಅದು ನನ್ನ ಕೈಯ ಏರುಪೇರನ್ನೆಲ್ಲ ಮೊದಲೇ ತೊಡೆದುಹಾಕಿದರೆ, ಅದರಾಚೆ ಕೂತ ಹಸಿರು ಡಬ್ಬಿಗೆ ಕೇಳಿಸಿಕೊಳ್ಳಲು ಉಳಿಯುವುದಾದರೂ ಏನು?

"ತಗುದ್ಬಿಡಪ್ಪ" ಎಂದರು ಹೊಂಬಾಳಮ್ಮ. "ನಿನ್ ಕೈ ಹೆಂಗೈತೋ ಹಂಗೇ ಕೇಳ್ಲಿ."

ತೆಗೆದೆ. ಮೊದಲ ಪೆಟ್ಟಿಗೇ ಆಂಪ್ಲಿಫೈಯರ್ ಕಿರುಚಿತು, ಎರಡನೆಯದು ಕೇಳಿಸಲೇ ಇಲ್ಲ. ಹಿಂದಿನ ದಿನ ಮಾಡಿದ್ದೆಲ್ಲ ನೀರುಪಾಲು. ಕಿವಿಯ ತಿರುಪಿನ ಮಟ್ಟವನ್ನು ಮೊದಲಿನಿಂದ ಹುಡುಕಬೇಕಾಯಿತು. ಗಿಟಾರಿನ ಮೇಲಿನ ದನಿಯ ತಿರುಪನ್ನೂ ಸ್ವಲ್ಪ ಇಳಿಸಿದೆ. ಮೀಟುವ ಬಿಲ್ಲೆಯನ್ನು ಬಿಸಾಡಿ ಹೆಬ್ಬೆರಳಿನಿಂದ ಮೀಟಿದೆ. ಆಗ ನನ್ನ ಕೈಗೆ ಡಬ್ಬಿ ಸಿಕ್ಕಿತು. ಹೆಬ್ಬೆರಳನ್ನು ಒತ್ತಿ ಬಿಟ್ಟರೆ ದನಿ ಅಗಲವಾಗಿ ಆ ಎಂದು ತೆರೆಯಿತು. ಸವರಿದರೆ ಅರ್ಧವೇ ತೆರೆದು ಓ ಎಂದಿತು. ಬರೀ ಸೋಕಿದರೆ ಊ ಎಂದು ತುಟಿಯೊಳಗೇ ಉಳಿಯಿತು. ನನ್ನ ಕೈಯಲ್ಲಿ ಇಷ್ಟೊಂದು ಬಗೆಯ ಮೆಲ್ಲಗೆ, ಇಷ್ಟೊಂದು ಬಗೆಯ ಜೋರು ಇವೆ ಎಂದು ನನಗೆ ಗೊತ್ತಿರಲಿಲ್ಲ.

ಹೊಂಬಾಳಮ್ಮ ಆಂಪ್ಲಿಫೈಯರಿನ ಮುಂದೆ ನೆಲದ ಮೇಲೆ ಕೂತು, ಅದರ ಸ್ಪೀಕರಿಗೆ ಹೊದಿಸಿದ ಬಟ್ಟೆಗೆ ಅಂಗೈ ಒತ್ತಿ, ಬಾಯಿ ಆಡಿಸತೊಡಗಿದರು. ನಾನು ಅವರ ತುಟಿಯನ್ನು ನೋಡುತ್ತಾ ಮೀಟಿದೆ. ಅವರ ತುಟಿ ತೆರೆದಾಗ ದನಿ ತೆರೆಯಿತು, ಅವರ ತುಟಿ ಮುಚ್ಚಿದಾಗ ದನಿ ಮುಚ್ಚಿತು. ದಸ್ತಗೀರ್ ಸಾಬರು ಕೈಯಲ್ಲಿದ್ದ ಅಂಟಿನ ಟ್ಯೂಬನ್ನು ಮರೆತು ನಿಂತಿದ್ದರು. "ಅಲ್ಲಾ, ಅಮ್ಮನ ಗಂಟಲು ಸಿಕ್ತು" ಎಂದರು ಕೊನೆಗೆ. ಹೊಂಬಾಳಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಬಾಯಿ ಆಡಿಸುವುದನ್ನೂ ನಿಲ್ಲಿಸಲಿಲ್ಲ.

ಅವತ್ತು ಸಂಜೆ ಜನ ಕಡಿಮೆ ಬಂದಿದ್ದರು. ಕೆಲವರಿಗೆ ನೋಡುವ ಧೈರ್ಯವಿರಲಿಲ್ಲ. ಬೆಂಚಿನ ಮೇಲೆ ಆಂಪ್ಲಿಫೈಯರ್, ನೆಲದ ಮೇಲೆ ಡಬ್ಬಿ, ನನ್ನ ಪಕ್ಕದಲ್ಲಿ ಹೊಂಬಾಳಮ್ಮ. ಬೀದಿ ಐದು ದಿನದ ದೂರದಲ್ಲಿದೆ ಎಂದುಕೊಂಡು ದೊಡ್ಡದಾಗಿಯೇ ಕರೆದೆ. ನಿಲ್ಲಿಸಿ ಕಾದೆ. ಮತ್ತೆ ಕರೆದೆ. ಸೂರ್ಯ ದಿಣ್ಣೆಗೆ ತಾಗುವಷ್ಟರಲ್ಲಿ ಅದರ ನೆತ್ತಿಯಲ್ಲಿ ಬೇವಿನ ಮರ ಮೂಡಿತು. ಗಿರಣಿ ಬಂತು, ಹೆಂಚುಗಳು ಬಂದವು, ನಮ್ಮ ಮನೆಯ ನೀಲಿ ಬಾಗಿಲು ಬಂತು. ಅಲ್ಲಿಗೆ ಮತ್ತೆ ನಿಂತಿತು.

ಈಗ ಬಿಟ್ಟರೆ ಹೋಯಿತು ಎಂದು ಗಾಬರಿಯಲ್ಲಿ ಇದ್ದಬದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ದನಿ ಅರಚಿತು. ಬೀದಿ ಬೆದರಿ ಒಂದು ಮಾರು ಹಿಂದೆ ಸರಿಯಿತು. ಹೊಂಬಾಳಮ್ಮ ನನ್ನ ಮಣಿಕಟ್ಟು ಹಿಡಿದರು.

"ಕಂಡೈತಲ್ಲೋ. ಕಣ್ಣಿಗೆ ಕಂಡೋರ್ನ ಯಾರಾದ್ರೂ ಕೂಗ್ತಾರಾ? ಬಾ ಅನ್ನು, ಸಾಕು."

ಉಸಿರು ತೆಗೆದುಕೊಂಡೆ. ಹೆಬ್ಬೆರಳನ್ನು ಮೆಲ್ಲಗೆ ಸವರಿದೆ. ಡಬ್ಬಿ ಅರ್ಧವೇ ಬಾಯಿ ತೆರೆಯಿತು. ಬೀದಿ ಅಲುಗಿತು. ಇಳಿಜಾರಿನಲ್ಲಿ ಒಂದು ಮನೆಯಷ್ಟು ಕೆಳಗೆ ಬಂತು, ಎರಡು ಮನೆಯಷ್ಟು ಬಂತು. ಅದು ಹತ್ತಿರ ಬಂದಷ್ಟೂ ನಾನು ಮೆಲ್ಲಗಾದೆ. ಬೀಳು ಹೊಲದ ನಡುವೆ ಬರುವಷ್ಟರಲ್ಲಿ ಬೆರಳು ತಂತಿಯನ್ನು ಮುಟ್ಟುತ್ತಿತ್ತೋ ಇಲ್ಲವೋ ಎನ್ನುವ ಹಾಗಿತ್ತು. ಕೊನೆಯ ಕರೆ ನನಗೇ ಸರಿಯಾಗಿ ಕೇಳಿಸಲಿಲ್ಲ. ಬೀದಿ ಬಂದು ಊರಿಗೆ ತಾಗಿ ನಿಂತಿತು. ಒಂದು ಗೇಣು ಸೊಟ್ಟವಾಗಿ ನಿಂತಿತ್ತು. ಅಲ್ಲಿಯ ಚರಂಡಿಗೂ ಇಲ್ಲಿಯ ಚರಂಡಿಗೂ ಸೇರುತ್ತಿರಲಿಲ್ಲ. ಅದನ್ನು ಆಗ ಯಾರು ನೋಡಿದರು!

ಬೀದಿಯ ಜೊತೆ ಹೋಗಿದ್ದ ಇಪ್ಪತ್ತಮೂರು ಜನರೂ ಇಳಿದುಬಂದರು. ಯಾರೂ ಕೃಶವಾಗಿರಲಿಲ್ಲ. ಗಿರಣಿಯಲ್ಲಿ ಬೀಸಿಟ್ಟಿದ್ದ ಊರವರ ಹಿಟ್ಟನ್ನೆಲ್ಲ ಒಟ್ಟು ಹಾಕಿ, ಬೇವಿನ ಮರದಡಿ ಒಂದೇ ಒಲೆ ಹೂಡಿ ಮುದ್ದೆ ಮಾಡಿಕೊಂಡಿದ್ದರಂತೆ. ಜಯಶೀಲ ಸೆರಗು ಸಿಕ್ಕಿಸಿಕೊಂಡು ಓಡಿಬಂದವಳು ನನ್ನ ಮುಂದೆ ನಿಂತು, ನನ್ನ ಅಂಗಿಯ ಗುಂಡಿ ಹಿಡಿದುಕೊಂಡಳು. ನಾನು, "ಅವತ್ತು ಬೆಳಗ್ಗೆ ನಾನು ಹಂಗೆ ಅನ್ಬಾರ್ದಿತ್ತು" ಎಂದೆ.

"ಅದ್ಯಾಕೀಗ" ಎಂದಳು. ಆಮೇಲೆ ಹೇಳಿದಳು: "ದಿಣ್ಣೆ ಮೇಲಿಂದ ಒಂದ್ಸಲ ಕಂಡಿದ್ದು ಬಿಟ್ರೆ, ಎರಡು ದಿನ ನಮ್ಗೆ ಊರು ಯಾವ ದಿಕ್ಕಿಗಿದೆ ಅನ್ನೋದೇ ಮರ್ತೋಗಿತ್ತು ರೀ. ಕ್ಯಾಸೆಟ್ಟಿಂದು ಎಲ್ಲಾ ಕಡೆಯಿಂದ್ಲೂ ಬಂದ ಹಾಗಿತ್ತು. ಗಿರಣಿ ಅಜ್ಜಿ ಅಳೋದು ನಿಲ್ಲಿಸ್ತಾನೇ ಇರ್ಲಿಲ್ಲ. ಮೂರನೇ ದಿನ ಮಧ್ಯಾಹ್ನ ಒಂದು ಕ್ವ್ಯಾಕ್ ಅಂತ ಕೇಳಿಸ್ತು. ಟೈಲರ್ ವೀರಭದ್ರಯ್ಯನವ್ರು ಎಲ್ಲೋ ಕೆರೆ ಇರ್ಬೇಕು, ಬಾತುಕೋಳಿ ಅಂದ್ರು. ನಾನು ನಗಾಡಿಬಿಟ್ಟೆ. ಅದು ಬಾತುಕೋಳಿಯಲ್ಲ, ನಮ್ಮನೆಯವ್ರು ಅಂದೆ. ಆವಾಗಿಂದ ಎಲ್ರೂ ಕುರ್ಚಿ, ಚಾಪೆ ಎಲ್ಲಾ ಆ ಕಡೆಗೇ ಮುಖ ಮಾಡಿ ಹಾಕ್ಕೊಂಡು ಕೂತ್ವಿ. ಅದು ವ್ಯಾ ಆಗಿದ್ದು, ವಾ ಆಗಿದ್ದು ಎಲ್ಲಾ ಕೇಳಿಸ್ಕೊಂಡ್ವಿ. ಅಜ್ಜಿ ಆಮೇಲೆ ಅಳ್ಲೇ ಇಲ್ಲ."

ಯಾರಿಗೂ ಕೇಳಿಸಬಾರದು ಎಂದು ನಾನು ಬಾಗಿಲು ಹಾಕಿಕೊಂಡು ನುಡಿಸಿದ್ದ ತಪ್ಪು ದನಿಗಳೆಲ್ಲ ಹೊಲ ದಾಟಿ ಹೋಗಿ ಇಪ್ಪತ್ತಮೂರು ಜನರ ಜೀವ ಹಿಡಿದಿಟ್ಟಿದ್ದವು. ಇದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯದೆ ನಾನು ಬೇಕರಿಯವನಿಗೆ ಒಂದು ಕಾಗದ ಬರೆದೆ. ಅವನಿಗೆ ಏನೂ ಅರ್ಥವಾಗಿರಲಾರದು. ಒಂದು ಡಬ್ಬಿ ದಿಲ್‌ಪಸಂದ್ ಕಳಿಸಿದ.

ಮರುವಾರವೇ ಊರವರು ಹೊಂಬಾಳಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅವತ್ತು ಗುಂಪಿನಿಂದ ಕೇಳಿದ್ದವರೇ ಮುಂದೆ ನಿಂತು ಜೀಪು ಹತ್ತಿಸಿದರು. ಗಡ್ಡೆ ತೆಗೆದರು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಜೀವ ಬಂತು, ದನಿ ಬರಲಿಲ್ಲ.

ನಾಲ್ಕು ತಿಂಗಳು ನಾನೇ ಕರೆದೆ. ಬೀದಿ ತಪ್ಪದೆ ಬರುತ್ತಿತ್ತು, ತಪ್ಪದೆ ಒಂದು ಗೇಣು ಸೊಟ್ಟಕ್ಕೆ ನಿಲ್ಲುತ್ತಿತ್ತು. ಬೀದಿಯವರು ಚರಂಡಿಯ ಮೇಲೆ ಒಂದು ಹಲಗೆ ಹಾಕಿಕೊಂಡರು, ಯಾರೂ ಒಂದು ಮಾತು ಆಡಲಿಲ್ಲ. ಹೊಂಬಾಳಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಸಂಜೆ ಎಲೆಕಡ್ಡಿ ಪಕ್ಕಕ್ಕಿಟ್ಟು, ಬಾಯೊರೆಸಿಕೊಂಡು, ಅಭ್ಯಾಸಬಲದಿಂದ ನನ್ನ ಪಕ್ಕ ಬಂದು ನಿಲ್ಲುತ್ತಿದ್ದರು. ನಾನು ಮೀಟುವಾಗ ಅವರ ತುಟಿ ಆಡುತ್ತಿತ್ತು.

ಆಮೇಲೆ ನಮ್ಮ ಪಾರ್ಟಿಗೆ ಹೊರಊರಿನಲ್ಲಿ ಎರಡು ದಿನದ ಕಾರ್ಯಕ್ರಮ ಬಂತು. ಕಾರ್ಯಕ್ರಮಕ್ಕೆ ಬೇರೊಂದು ಗಿಟಾರ್ ಎರವಲು ತಂದುಕೊಂಡು, ಹೊರಡುವ ಹಿಂದಿನ ದಿನ ನನ್ನ ಗಿಟಾರನ್ನು ಅವರ ತೊಡೆಯ ಮೇಲಿಟ್ಟೆ.

"ಥೂ, ನಂಗೆ ಈ ವಯಸ್ನಲ್ಲಿ ತಂತಿ ಎಲ್ಲಿ ಬರತ್ತೋ" ಎಂದು ಪಿಸುಗುಟ್ಟಿ ತಳ್ಳಿದರು.

"ಎಡಗೈಗೆ ಕೆಲ್ಸನೇ ಇಲ್ಲ ಅಮ್ಮ. ಒಂದೇ ತಂತಿ, ನಿಮ್ಮ ದನಿಯ ಮಟ್ಟಕ್ಕೇ ಬಿಗಿದಿದೀನಿ. ಮೀಟೋದಷ್ಟೇ. ಉಳಿದದ್ದು ನನಗಿಂತ ನಿಮ್ಗೇ ಗೊತ್ತು."

ಎಲೆ ಹಚ್ಚಿ ಹಚ್ಚಿ ಗಟ್ಟಿಯಾದ ಹೆಬ್ಬೆರಳಿನಿಂದ ಒಮ್ಮೆ ಮೀಟಿದರು. ತಲೆ ಅಲ್ಲಾಡಿಸಿದರು. ಬಗ್ಗಿ, ನನ್ನನ್ನು ಕೇಳದೆಯೇ, ಕಿವಿಯನ್ನು ಸ್ವಲ್ಪ ಏರಿಸಿದರು. ಅವರ ಕೈ ನನ್ನದಕ್ಕಿಂತ ಹಗುರ. ಉಸಿರನ್ನು ಇನ್ನಷ್ಟು ನಿಧಾನ ಮಾಡಿದರು. ಮತ್ತೆ ಮೀಟಿದರು. ಈ ಸಲ ನಾನು ಕೇಳಿದ್ದು ಡಬ್ಬಿಯ ದನಿಯಲ್ಲ. ಇಪ್ಪತ್ತೆಂಟು ವರ್ಷ ಸಂಜೆ ಆರಕ್ಕೆ ಕೇಳಿದ್ದೇ ಅದು.

ಆರು ಗಂಟೆಗೆ ಅವರು ಕರೆದರು. ನಾನು ಕೈಕಟ್ಟಿಕೊಂಡು ಹಿಂದೆ ನಿಂತಿದ್ದೆ. ಬೀದಿ ದಿಣ್ಣೆಯ ಮೇಲೆ ನಿಲ್ಲಲೇ ಇಲ್ಲ, ತವರಿಗೆ ಬರುವ ಮಗಳ ಹಾಗೆ ಸರಸರ ಇಳಿದುಬಂತು. ಬಂದು ಕೂಡಿಕೊಂಡಿತು. ಚರಂಡಿಗೆ ಚ‌ರಂಡಿ, ಕಲ್ಲಿಗೆ ಕಲ್ಲು ಸರಿಯಾಗಿ ಕೂತು, ಅಡ್ಡ ಹಾಕಿದ್ದ ಹಲಗೆ ತಾನೇ ಎಗರಿ ಪಕ್ಕಕ್ಕೆ ಬಿತ್ತು.

ಅಂಗಡಿಯಿಂದ ಟೈಲರ್ ವೀರಭದ್ರಯ್ಯನವರು ಕತ್ತಿಗೆ ಅಳತೆಯ ಟೇಪು ಹಾಕಿಕೊಂಡೇ ಹೊರಗೆ ಬಂದರು. ಕೂಡಿದ ಕಲ್ಲುಗಳನ್ನು ನೋಡಿದರು, ನನ್ನ ಬರಿಗೈಯನ್ನು ನೋಡಿದರು, ಆಮೇಲೆ ಗಿಟಾರ್ ಹಿಡಿದು ಕೂತ ಮುದುಕಿಯನ್ನು ನೋಡಿದರು.

"ಹೊಂಬಾಳಮ್ಮ, ಇವತ್ತು ನೀವೇ ಕರೆದ್ರಾ?"

ಹೊಂಬಾಳಮ್ಮ ಬಗ್ಗಿ ಡಬ್ಬಿಯ ಸ್ವಿಚ್ಚನ್ನು ಕೆಳಗೆ ಮಾಡಿದರು. ಹೆಬ್ಬೆರಳಿನಿಂದ ತಂತಿಯನ್ನು ಒಮ್ಮೆ ಮೀಟಿದರು. ದನಿ ಮೆಲ್ಲಗೆ ಬಾಯಿ ಮುಚ್ಚುತ್ತಾ, ಇಡೀ ಬೀದಿಗೆ ಕೇಳಿಸುವಂತೆ, "ಹೂಂ" ಎಂದಿತು.